ಫೆಂಟನಿಲ್ ಏರಿ ಬದುಕಿ ಬಂದ ತಮ್ಮ: ಐಸಿಯು ಆದಮೇಲಿನ ಒಂದು ವರ್ಷ

ನನ್ನ ತಮ್ಮ ಯಾವ ಅಮಲಿನ ವಸ್ತುವನ್ನೂ ಮುಟ್ಟಿದವನಲ್ಲ. ಅವನ ಮೈಗೆ ಫೆಂಟನಿಲ್ ಎಂಬ ತೀಕ್ಷ್ಣ ನೋವಿನ ಔಷಧ ಏರಿದ್ದು ಅಪ್ಪನ ಚರ್ಮಕ್ಕೆ ಅಂಟಿಸುವ ನೋವಿನ ಪ್ಯಾಚ್‌ನಿಂದ, ಅದೂ ಅವನಿಗೆ ಗೊತ್ತೇ ಆಗದ ಹಾಗೆ. ಅದಾಗಿ ವರ್ಷ ದಾಟಿದೆ. ಆಸ್ಪತ್ರೆ, ಪೊಲೀಸ್ ಹೇಳಿಕೆ, ವಿಮೆ, ಅವನ ಆಫೀಸು, ಎಲ್ಲ ಕಡೆಯ ಕಾಗದಪತ್ರವೂ ಒಂದು ಹಂತಕ್ಕೆ ಬಂದಿರುವುದರಿಂದ ಈಗ ಕೂತು ಬರೆಯುತ್ತಿದ್ದೇನೆ. ಇಂಥ ಔಷಧ ಹೆಚ್ಚಾಗಿ ಉಸಿರು ನಿಂತವರನ್ನು ಬದುಕಿಸುವುದು ಹೇಗೆ ಅಂತ ಬೇಕಾದಷ್ಟು ಓದಲು ಸಿಗುತ್ತದೆ. ಬದುಕಿದವರು ಮನೆಗೆ ಬಂದ ಮೇಲೆ ಏನಾಗಬಹುದು ಅನ್ನುವುದನ್ನು ಮಾತ್ರ ನಮಗೆ ಒಬ್ಬರೂ ಹೇಳಿರಲಿಲ್ಲ.

ಅಪ್ಪನಿಗೆ ಕ್ಯಾನ್ಸರ್. ಮೂಳೆಗೆ ಹಬ್ಬಿದ ನೋವಿಗೆ ಗಂಟೆಗೆ 50 ಮೈಕ್ರೋಗ್ರಾಂ ಬಿಡುವ ಪ್ಯಾಚ್ ಕೊಟ್ಟಿದ್ದರು. 72 ಗಂಟೆಗೊಮ್ಮೆ ಬದಲಿಸಬೇಕು. ಫೆಂಟನಿಲ್ ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ತೀಕ್ಷ್ಣ. ತಿಂಗಳುಗಟ್ಟಲೆ ತೆಗೆದುಕೊಂಡು ಒಗ್ಗಿದ್ದ ಅಪ್ಪನಿಗೆ ಅದು ಎದ್ದು ಕೂರುವಷ್ಟು ನೆಮ್ಮದಿ ಕೊಡುತ್ತಿತ್ತು. ಎಂದೂ ತೆಗೆದುಕೊಳ್ಳದವರಿಗೆ ಅದೇ ಪ್ಯಾಚ್ ಉಸಿರು ನಿಲ್ಲಿಸಬಲ್ಲದು. ಅವತ್ತು ಮಧ್ಯಾಹ್ನ ತಮ್ಮ ಬನಿಯನ್‌ನಲ್ಲೇ ಅಪ್ಪನನ್ನು ಎತ್ತಿ ಕುರ್ಚಿಗೆ ಕೂರಿಸಿದ್ದ. ಅಪ್ಪನ ತೋಳು ಅವನ ಬೆನ್ನ ಮೇಲಿತ್ತು. ಬೆವರಿಗೆ ಅಂಚು ಎದ್ದಿದ್ದ ಪ್ಯಾಚ್ ಆಗಲೇ ಇವನ ಭುಜದ ಹಿಂದಕ್ಕೆ ಅಂಟಿಕೊಂಡಿರಬೇಕು. ಸಂಜೆ ಹೊಟ್ಟೆ ತೊಳಸುತ್ತಿದೆ, ಕಣ್ಣು ಎಳೆಯುತ್ತಿದೆ ಅಂದ. ರಾತ್ರಿ ಬೆನ್ನು ಹಿಡಿದಿದೆ ಅಂತ ಹೀಟಿಂಗ್ ಪ್ಯಾಡ್ ಇಟ್ಟುಕೊಂಡು ಮಲಗಿದ. ಶಾಖ ತಾಗಿದರೆ ಪ್ಯಾಚ್‌ನ ಔಷಧ ಚರ್ಮದೊಳಕ್ಕೆ ಇನ್ನೂ ಬೇಗ ಇಳಿಯುತ್ತದೆ. ಆ ಕಡೆ ಅಪ್ಪ ರಾತ್ರಿಯಿಡೀ ನೋವು ಅಂತ ನರಳಿದರು. ಎರಡಕ್ಕೂ ಸಂಬಂಧ ಇರಬಹುದೆಂದು ಯಾರಿಗಾದರೂ ಹೇಗೆ ಹೊಳೆಯಬೇಕು?

ಬೆಳಗ್ಗೆ ಅವನ ಹೆಂಡತಿ ಕೂಗಿಕೊಂಡಾಗ ನಾನು ಅಡುಗೆಮನೆಯಲ್ಲಿದ್ದೆ. ಗೊರಕೆ ಅಲ್ಲ, ಗಂಟಲಲ್ಲಿ ನೀರು ಗುಳುಗುಟ್ಟಿದಂಥ ಸದ್ದು. ತುಟಿ ನೀಲಿ. ಎಷ್ಟು ಅಲುಗಿಸಿದರೂ ಏಳಲಿಲ್ಲ. ಎಮರ್ಜೆನ್ಸಿಯಲ್ಲಿ ಡ್ಯೂಟಿ ಡಾಕ್ಟರ್ ರೆಪ್ಪೆ ಎತ್ತಿ ಟಾರ್ಚ್ ಬಿಟ್ಟರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. "ಇವರು ಏನು ತಗೊಳ್ತಾರೆ? ನಿಜ ಹೇಳಿ" ಅಂದರು. ಆ ಪ್ರಶ್ನೆಗೆ ನನಗೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ, ಆದರೆ ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಇಂಥ ಔಷಧದ ಪರಿಣಾಮವನ್ನು ತಡೆಯುವ ನಲೋಕ್ಸೋನ್ ಚುಚ್ಚಿದರು. ಕೆಲವೇ ನಿಮಿಷದಲ್ಲಿ ಕಣ್ಣು ಬಿಟ್ಟು ಹೆಂಡತಿಯ ಹೆಸರು ಹೇಳಿದ. ನಾವೆಲ್ಲ ಅಲ್ಲೇ ಅತ್ತುಬಿಟ್ಟೆವು.

ಒಂದು ಗಂಟೆಯೊಳಗೆ ಮತ್ತೆ ಉಸಿರು ಕುಗ್ಗಿತು. ನಲೋಕ್ಸೋನ್‌ನ ಕೆಲಸ ಸಾಮಾನ್ಯವಾಗಿ 30ರಿಂದ 90 ನಿಮಿಷ. ಫೆಂಟನಿಲ್ ಮೈಯಲ್ಲಿ ಅದಕ್ಕಿಂತ ಎಷ್ಟೋ ಹೊತ್ತು ಉಳಿಯುತ್ತದೆ. ಆಗ ಒಬ್ಬ ನರ್ಸ್ ಬನಿಯನ್ ಕತ್ತರಿಸಿ ಅವನನ್ನು ಮಗ್ಗುಲಿಗೆ ಹೊರಳಿಸಿದರು. ಭುಜದ ಮೂಳೆಯ ಮೇಲೆ ಅಂಟುಪಟ್ಟಿಯಂಥ ಪಾರದರ್ಶಕ ಚೌಕ. ಬೆಳಕು ಓರೆಯಾಗಿ ಬಿದ್ದರಷ್ಟೇ ಕಾಣುವಂಥದ್ದು. ಅವರು ಅದನ್ನು ಕಿತ್ತು, ಫೋಟೋ ತೆಗೆದು, ಸಮಯದ ಸಮೇತ ಚಾರ್ಟ್‌ನಲ್ಲಿ ಬರೆದರು. ಆ ಒಂದು ಸಾಲು ಆಮೇಲೆ ನಮ್ಮ ಎಷ್ಟೋ ಕೆಲಸಕ್ಕೆ ಬಂತು. ಪ್ಯಾಚ್ ತೆಗೆದರೂ ಚರ್ಮದಡಿ ಸೇರಿಕೊಂಡ ಔಷಧ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ ಅಂತ ಹೇಳಿ ನಲೋಕ್ಸೋನ್ ಡ್ರಿಪ್ ಹಾಕಿದರು. ವಾಂತಿ ಶ್ವಾಸಕೋಶಕ್ಕೆ ಹೋಗಿದ್ದರಿಂದ ನ್ಯುಮೋನಿಯಾ ಆಗಿ ವೆಂಟಿಲೇಟರ್ ಕೂಡ ಬೇಕಾಯಿತು.

ಐಸಿಯು ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಎಲ್ಲರದ್ದೂ ಒಂದೇ ಥರ ಇರುತ್ತದೆ. ಎರಡು ಸಂಗತಿ ಮಾತ್ರ. ರಾತ್ರಿಯಿಡೀ ಒಂದೇ ಮಗ್ಗುಲಲ್ಲಿ ಅಲುಗದೆ ಬಿದ್ದಿದ್ದರಿಂದ ಸ್ನಾಯು ಜಜ್ಜಿಹೋಗಿ ಮೂತ್ರ ಕಂದು ಬಣ್ಣಕ್ಕೆ ತಿರುಗಿತ್ತು. ಕಿಡ್ನಿ ಉಳಿಸಲು ಬಾಟಲಿಗಟ್ಟಲೆ ಸಲೈನ್ ಹೋಯಿತು. ಮೊಣಕಾಲ ಹೊರಬದಿಯಲ್ಲಿ ಹಾದುಹೋಗುವ ನರವೂ ಒತ್ತಿಹೋಗಿತ್ತು. ಎಚ್ಚರವಾಗಿ ಮೊದಲ ಸಲ ನಿಂತಾಗ ಎಡಪಾದ ಮೇಲೇಳದೆ ನೆಲಕ್ಕೆ ಎಳೆಯಿತು. ಇದಕ್ಕೆ ಫುಟ್ ಡ್ರಾಪ್ ಅನ್ನುತ್ತಾರೆ. ತಲೆಯ ಸಿ.ಟಿ. ಸ್ಕ್ಯಾನ್ ನಾರ್ಮಲ್ ಇತ್ತು. ಅದನ್ನು ನಾನು ಮನೆಮಂದಿಗೆಲ್ಲ ಫೋನ್ ಮಾಡಿ ಹೇಳಿದ್ದೆ.

ಮನೆಗೆ ಬಂದವನು ಚೆನ್ನಾಗಿಯೇ ಇದ್ದ. ನಾನು ಒತ್ತಿ ಹೇಳಬೇಕಿರುವುದು ಇದನ್ನೇ. ಮೊದಲ ದಿನಗಳಲ್ಲಿ ಅಪ್ಪನ ಪಕ್ಕ ಕೂತು ಹರಟಿದ, ಆಫೀಸಿನ ಮೇಲ್ ನೋಡಿದ, ಬಿಲ್ಲಿನಲ್ಲಿ ಒಂದೇ ಔಷಧವನ್ನು ಎರಡು ಸಲ ಹಾಕಿದ್ದನ್ನು ಹುಡುಕಿ ತೋರಿಸಿದ್ದೂ ಅವನೇ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಶ್ವಾಸಕೋಶದ ತಪಾಸಣೆ, ಕಾಲಿಗೆ ಫಿಸಿಯೋಥೆರಪಿ ಅಂತ ಮಾತ್ರ ಇತ್ತು.

ಎರಡು ಮೂರು ವಾರ ಕಳೆದಿರಬೇಕು, ಒಂದು ಬೆಳಗ್ಗೆ ಅವನ ಹೆಂಡತಿ ಬಂದು, "ಅತ್ತಿಗೆ, ಇವ್ರು ಬ್ರಷ್ ಹಿಡ್ಕೊಂಡು ಹಾಗೇ ನಿಂತಿದಾರೆ, ಬಂದು ನೋಡಿ" ಅಂದಳು. ಬಚ್ಚಲ ಕನ್ನಡಿ ಮುಂದೆ ನಿಂತಿದ್ದ. ಬ್ರಷ್ ಬಾಯಿ ಹತ್ತಿರ ಬಂದು ನಿಂತಿತ್ತು. ಪೇಸ್ಟ್ ಕರಗಿ ಮುಂಗೈವರೆಗೆ ಇಳಿದಿತ್ತು. "ಉಜ್ಜೋ" ಅಂದೆ. "ಹ್ಞೂಂ" ಅಂದ, ಉಜ್ಜಲಿಲ್ಲ. ಅಲ್ಲಿಂದ ದಿನದಿಂದ ದಿನಕ್ಕೆ ಇಳಿಯುತ್ತ ಹೋದ. ಅಂಗಿಯ ಗುಂಡಿ ಹಾಕುವುದು ಮರೆತ. ಕೇಳಿದ್ದಕ್ಕೆಲ್ಲ ಒಂದೇ ಮಾತಿನ ಉತ್ತರ, ಆಮೇಲೆ ಅದೂ ಇಲ್ಲ. ಹೆಜ್ಜೆ ಸಣ್ಣದಾಯಿತು, ಮುಖದಲ್ಲಿ ನಗು ಅಳು ಎರಡೂ ಹೋದವು. ಹಾಸಿಗೆಯಲ್ಲೇ ಮೂತ್ರವಾದಾಗಲೂ ಅವನಿಗೆ ನಾಚಿಕೆಯಾದಂತೆ ಕಾಣಲಿಲ್ಲ. ನನಗೆ ಎಲ್ಲಕ್ಕಿಂತ ಭಯವಾದದ್ದು ಅದಕ್ಕೆ.

ಸಾವಿನ ಬಾಯಿಂದ ಬಂದಿದ್ದಾನೆ, ಮನಸ್ಸಿಗೆ ಹಚ್ಚಿಕೊಂಡಿದ್ದಾನೆ ಅಂತ ನೆಂಟರು ಅಂದರು. ತೋರಿಸಿದ ಮೊದಲ ಡಾಕ್ಟರೂ ಖಿನ್ನತೆ ಅಂತ ಮಾತ್ರೆ ಕೊಟ್ಟರು. ಮಾತ್ರೆ ಹತ್ತಲು ಕೆಲವು ವಾರ ಬೇಕು ಅಂದಿದ್ದರಿಂದ ಕಾದೆವು. ಅಷ್ಟರಲ್ಲಿ ಅವನು ಊಟ ನುಂಗುವುದಕ್ಕೂ ಕಷ್ಟಪಡತೊಡಗಿದ. ಕೊನೆಗೆ ಗುರುತಿಸಿದ್ದು ಒಬ್ಬ ಮನೋವೈದ್ಯರು. ಅವರು ಪ್ರಶ್ನೆ ಕೇಳುವುದಕ್ಕಿಂತ ಮುಂಚೆ ಇವನ ಮೊಣಕೈಯನ್ನು ಮಡಚಿ ಬಿಡಿಸಿ ನೋಡಿದರು. ಬಿಗಿಯಾಗಿತ್ತು. ಅಂಗೈ ಮೇಲೆ ತಮ್ಮ ಎರಡು ಬೆರಳು ಸವರಿದಾಗ ಇವನು ಎಳೆಮಗುವಿನ ಹಾಗೆ ಗಟ್ಟಿಯಾಗಿ ಹಿಡಿದುಕೊಂಡ, ಬಿಡು ಅಂದರೂ ಬಿಡಲಿಲ್ಲ. "ಇತ್ತೀಚೆಗೆ ಇವರಿಗೆ ಉಸಿರು ನಿಂತದ್ದು ಉಂಟಾ?" ಅಂತ ಕೇಳಿದರು. ನಾನು ಫೈಲ್ ಮುಂದಿಟ್ಟೆ. ಅರ್ಧ ಓದುವಷ್ಟರಲ್ಲೇ ನರರೋಗ ತಜ್ಞರಿಗೆ ಫೋನ್ ಮಾಡಿದರು.

ಎಂ.ಆರ್.ಐ.ನಲ್ಲಿ ಮೆದುಳಿನ ಎರಡೂ ಪಕ್ಕದ ಬಿಳಿ ಭಾಗ ಒಂದೇ ಸಮನಾಗಿ ಹೊಳೆಯುತ್ತಿತ್ತು. ಡಾಕ್ಟರ್ ಹೇಳಿದ ಹೆಸರು ಡಿಲೇಯ್ಡ್ ಪೋಸ್ಟ್ ಹೈಪಾಕ್ಸಿಕ್ ಲ್ಯೂಕೋಎನ್ಸೆಫಲೋಪತಿ. ಆಮ್ಲಜನಕ ಸಿಗದೆ ಹೋದ ಮೆದುಳು ಚೇತರಿಸಿಕೊಂಡ ಹಾಗೆ ಕಂಡು, ಕೆಲವು ದಿನಗಳೋ ವಾರಗಳೋ ಕಳೆದ ಮೇಲೆ ನರತಂತುಗಳ ಮೇಲಿನ ಮೈಲಿನ್ ಹೊದಿಕೆ ಹಾಳಾಗುತ್ತ ಹೋಗುವುದು. ಕಾರ್ಬನ್ ಮಾನಾಕ್ಸೈಡ್ ಹೊಗೆ ಕುಡಿದು ಬದುಕಿದವರಲ್ಲಿ ಇದನ್ನು ವೈದ್ಯರು ಬಹಳ ಹಿಂದಿನಿಂದ ಕಂಡಿದ್ದಾರೆ. ಓಪಿಯಾಯ್ಡ್‌ನಿಂದ, ಅಂದರೆ ಮಾರ್ಫಿನ್, ಫೆಂಟನಿಲ್ ಜಾತಿಯ ಔಷಧದಿಂದ, ಉಸಿರು ನಿಂತವರಲ್ಲೂ ಆಗುತ್ತದೆ. ಎಲ್ಲರಿಗೂ ಆಗುವುದಿಲ್ಲ, ಅಪರೂಪ. ಆದರೆ ಆದವರಲ್ಲಿ ಅದನ್ನು ಖಿನ್ನತೆ ಅಂದುಕೊಂಡು ದಿನ ಕಳೆಯುವುದು ಅಪರೂಪವಲ್ಲ. ಆರಂಭದ ಸಿ.ಟಿ. ನಾರ್ಮಲ್ ಬಂದಿತ್ತಲ್ಲ ಅಂದೆ. ಆಗ ಇದು ಶುರುವೇ ಆಗಿರಲಿಲ್ಲ ಅಂದರು.

ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ ಅನ್ನೂ ಅವರು ಬೇರೆಯಾಗಿ ನೋಡಿದರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2012ರಿಂದ 2016ರ ನಡುವೆ 14 ಜನ ಇದ್ದಕ್ಕಿದ್ದಂತೆ ಹೊಸ ನೆನಪು ಕಳೆದುಕೊಂಡದ್ದು, ಅವರಲ್ಲಿ ಎರಡೂ ಬದಿಯ ಹಿಪೊಕ್ಯಾಂಪಸ್‌ಗೆ ಪೆಟ್ಟಾಗಿದ್ದದ್ದು ದಾಖಲಾಗಿದೆ. ಬಹುತೇಕರಿಗೆ ಓಪಿಯಾಯ್ಡ್ ಬಳಕೆಯ ಹಿನ್ನೆಲೆ ಇತ್ತು. ಫೆಂಟನಿಲ್ ವಿಷಯದಲ್ಲಿ ಈಗ ಇದನ್ನು ಗಮನಿಸುತ್ತಾರೆ. ತಮ್ಮನ ಸ್ಕ್ಯಾನ್‌ನಲ್ಲಿ ಆ ಭಾಗ ಅಷ್ಟಾಗಿ ಕೆಟ್ಟಿರಲಿಲ್ಲ. ಅವತ್ತು ಕೇಳಿದ ಒಂದೇ ಒಳ್ಳೆಯ ಸುದ್ದಿ.

ನಿಮ್ಮ ಮನೆಯವರು ಇಂಥದ್ದರಿಂದ ಬದುಕಿ ಬಂದಿದ್ದರೆ, ಡಿಸ್ಚಾರ್ಜ್ ದಿನ ಡಾಕ್ಟರನ್ನು ನೇರವಾಗಿ ಕೇಳಿ: ಮುಂದಿನ ಆರು ವಾರ ಮೆದುಳಿನ ವಿಷಯದಲ್ಲಿ ನಾವು ಏನು ಗಮನಿಸಬೇಕು, ಯಾರಿಗೆ ಫೋನ್ ಮಾಡಬೇಕು? ಮೊದಲ ವಾರದಲ್ಲಿ ಅವರು ಮಾತಾಡುವುದು, ನಡೆಯುವುದನ್ನು ಫೋನಿನಲ್ಲಿ ಒಂದೆರಡು ನಿಮಿಷ ವಿಡಿಯೋ ಮಾಡಿಟ್ಟುಕೊಳ್ಳಿ. ನಮ್ಮ ಹತ್ತಿರ ಅಕಸ್ಮಾತ್ತಾಗಿ ಒಂದು ವಿಡಿಯೋ ಇತ್ತು, ಅವನು ಅಪ್ಪನನ್ನು ರೇಗಿಸುತ್ತಿದ್ದದ್ದು. ಅದನ್ನು ನೋಡಿದ ಮೇಲೆಯೇ ನರರೋಗ ತಜ್ಞರಿಗೆ ಮಧ್ಯದಲ್ಲಿ ಅವನು ನಿಜವಾಗಿಯೂ ಸರಿಯಿದ್ದ ಅನ್ನುವುದು ಖಾತ್ರಿಯಾಯಿತು. ಆ ಮಧ್ಯದ ಚೇತರಿಕೆ ಇತ್ತೋ ಇಲ್ಲವೋ ಅನ್ನುವುದೇ ಈ ರೋಗ ಗುರುತಿಸುವಲ್ಲಿ ಮುಖ್ಯ.

ಇದಕ್ಕೆ ಖಚಿತವಾದ ಔಷಧ ಇಲ್ಲ. ಅಮಾಂಟಡಿನ್ ಕೊಟ್ಟು ನೋಡಿದರು, ಸ್ವಲ್ಪ ಚುರುಕಾದ ಅಂತ ನನಗೆ ಅನ್ನಿಸಿತು. ಅವರು ಮಾತ್ರ ಕಾಲವೇ ಮಾಡಿದ್ದೂ ಇರಬಹುದು ಅಂದರು. ಉಳಿದದ್ದೆಲ್ಲ ಆರೈಕೆ: ಹಾಸಿಗೆ ಹುಣ್ಣಾಗದ ಹಾಗೆ ಹೊರಳಿಸುವುದು, ನುಂಗುವ ಅಭ್ಯಾಸ, ಕೀಲು ಬಿಗಿಯದ ಹಾಗೆ ವ್ಯಾಯಾಮ. ತಿಂಗಳುಗಳಲ್ಲಿ ಸುಧಾರಿಸುವವರೇ ಹೆಚ್ಚು ಅಂದಿದ್ದರು. ಆ ಮಾತನ್ನು ಹಿಡಿದುಕೊಂಡು ಕೂತೆವು.

ಇನ್ನು ಕಾಗದದ ಕತೆ. ವಿಮೆಯವರು ಮೊದಲ ಸಲ ಕ್ಲೇಮ್ ತಿರಸ್ಕರಿಸಿದರು. ಅವರ ಆಕ್ಷೇಪ ಎರಡು. ಒಂದು, ಮೂತ್ರದ ಡ್ರಗ್ ಪರೀಕ್ಷೆಯಲ್ಲಿ ಓಪಿಯೇಟ್ ನೆಗೆಟಿವ್ ಬಂದಿದೆ, ಹಾಗಾದರೆ ವಿಷ ಎಲ್ಲಿಂದ ಬಂತು? ಎರಡು, ಸಮ್ಮರಿಯಲ್ಲಿ ಡ್ರಗ್ ಓವರ್‌ಡೋಸ್ ಎಂದಿದೆ, ಅಮಲಿನಿಂದಾದದ್ದಕ್ಕೆ ಪಾಲಿಸಿ ಅನ್ವಯಿಸುವುದಿಲ್ಲ. ವಿಷ ಏರಿಯೇ ಇಲ್ಲ, ಏರಿದ್ದರೂ ನಿಮ್ಮದೇ ಕರ್ಮ ಅಂದ ಹಾಗೆ. ಓದಿ ನಗು ಬಂತು, ಆಮೇಲೆ ಅಳು ಬಂತು.

ಮೊದಲನೆಯದಕ್ಕೆ ಉತ್ತರ ಸುಲಭ. ಮಾಮೂಲಿ ಓಪಿಯೇಟ್ ಪರೀಕ್ಷೆ ಮಾರ್ಫಿನ್, ಕೋಡೀನ್ ಜಾತಿಯದನ್ನು ಹಿಡಿಯುತ್ತದೆ. ಪೂರ್ತಿ ಸಂಶ್ಲೇಷಿತವಾದ ಫೆಂಟನಿಲ್ ಅದಕ್ಕೆ ಸಿಗುವುದಿಲ್ಲ, ಬೇರೆ ಪರೀಕ್ಷೆಯೇ ಬೇಕು. ಇದನ್ನು ಡಾಕ್ಟರ್ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರು. ಆಸ್ಪತ್ರೆಗೆ ಸೇರಿದ ದಿನ ತೆಗೆದ ರಕ್ತದಲ್ಲೇ ಆ ಪರೀಕ್ಷೆ ಮಾಡಿಸಬಹುದಿತ್ತು, ಆದರೆ ಲ್ಯಾಬ್‌ಗಳು ಮಾದರಿಯನ್ನು ಹೆಚ್ಚು ದಿನ ಇಟ್ಟುಕೊಳ್ಳುವುದಿಲ್ಲ. ನಾವು ಕೇಳುವ ಹೊತ್ತಿಗೆ ಚೆಲ್ಲಿ ಆಗಿತ್ತು. ನೀವು ಮೊದಲೆರಡು ದಿನದಲ್ಲೇ ಕೇಳಿ.

ಎರಡನೆಯದು ತಿಂಗಳುಗಟ್ಟಲೆ ಎಳೆಯಿತು. ಆಸ್ಪತ್ರೆಗಳು ಪ್ರತಿ ಕಾಯಿಲೆಗೂ ಐಸಿಡಿ ಎಂಬ ಅಂತರರಾಷ್ಟ್ರೀಯ ಕಾಯಿಲೆಪಟ್ಟಿಯ ಸಂಕೇತ ಹಾಕುತ್ತವೆ. ಐಸಿಡಿ 10ರಲ್ಲಿ ಫೆಂಟನಿಲ್‌ನಂಥ ಸಂಶ್ಲೇಷಿತ ಮಾದಕ ಔಷಧದ ವಿಷಕ್ಕೆ ಟಿ 40.4. ಅದರ ಜೊತೆಗೆ ಹೇಗಾಯಿತು ಅನ್ನುವುದಕ್ಕೆ ಇನ್ನೊಂದು ಸಂಕೇತ ಇರುತ್ತದೆ: ಆಕಸ್ಮಿಕವಾದರೆ ಎಕ್ಸ್ 42, ಬೇಕೆಂದೇ ಮಾಡಿಕೊಂಡದ್ದಾದರೆ ಎಕ್ಸ್ 62, ಉದ್ದೇಶ ಗೊತ್ತಾಗದಿದ್ದರೆ ವೈ 12. ಎಮರ್ಜೆನ್ಸಿಯಲ್ಲಿ ಮೊದಲ ಗಂಟೆಯಲ್ಲಿ ಹಾಕಿದ್ದ ವೈ 12 ಕೊನೆಯವರೆಗೂ ಹಾಗೇ ಉಳಿದಿತ್ತು. ಪ್ಯಾಚ್ ಸಿಕ್ಕಿದ ಮೇಲೆ ಯಾರೂ ಅದನ್ನು ತಿದ್ದಿರಲಿಲ್ಲ. ಸಮ್ಮರಿಯಲ್ಲಿ ಪ್ಯಾಚ್ ಎಂಬ ಶಬ್ದವೇ ಇರಲಿಲ್ಲ.

ತಿದ್ದಿಸಲು ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಅರ್ಜಿ, ಅಲ್ಲಿಂದ ವಾರ್ಡಿಗೆ, ವಾರ್ಡಿನಿಂದ ಆಗ ಅಲ್ಲಿದ್ದ ಡಾಕ್ಟರಿಗೆ. ಅವರು ಆ ಹೊತ್ತಿಗೆ ಬೇರೆ ಕಡೆ ಹೋಗಿದ್ದರು. ಕೌಂಟರಿನವರು ನನ್ನನ್ನು ನೋಡಿದ ಕೂಡಲೇ "ಇನ್ನೂ ಆಗಿಲ್ಲ ಮೇಡಂ" ಅನ್ನುವಷ್ಟು ಪರಿಚಯವಾದರು. ಕೊನೆಗೆ ಕೆಲಸಕ್ಕೆ ಬಂದದ್ದು ಆ ನರ್ಸ್ ಬರೆದ ಸಾಲು ಮತ್ತು ಫೋಟೋ. ನರ್ಸಿಂಗ್ ಚಾರ್ಟ್ ಡಿಸ್ಚಾರ್ಜ್ ಸಮ್ಮರಿಯ ಜೊತೆ ಬರುವುದಿಲ್ಲ, ಅರ್ಜಿ ಕೊಟ್ಟು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ಅದರ ಜೊತೆಗೆ ಅಪ್ಪನ ಪ್ರಿಸ್ಕ್ರಿಪ್ಷನ್, ಪ್ಯಾಚ್ ಖರೀದಿಯ ರಸೀದಿ, ಉಳಿದ ಪ್ಯಾಚ್‌ಗಳ ಲೆಕ್ಕ, ಪೊಲೀಸರಿಗೆ ಕೊಟ್ಟ ಹೇಳಿಕೆಯ ಪ್ರತಿ ಇಟ್ಟೆ. ವಿಷದ ಪ್ರಕರಣವಾದ್ದರಿಂದ ಆಸ್ಪತ್ರೆಯವರೇ ಪೊಲೀಸರಿಗೆ ತಿಳಿಸಿದ್ದರು. ಬಂದವರು ಸೌಜನ್ಯದಿಂದಲೇ ಮಾತಾಡಿದರು, ಆದರೆ ತಮ್ಮನ ಹೆಂಡತಿಗೆ "ನಿಮ್ಮಿಬ್ಬರ ನಡುವೆ ಏನಾದ್ರೂ ಜಗಳ?" ಅಂತ ಕೇಳಿದ್ದು ಅವಳ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಸಮ್ಮರಿ ಕೈಗೆ ಬಂದ ತಕ್ಷಣ, ಆಸ್ಪತ್ರೆ ಬಿಡುವುದಕ್ಕೆ ಮುಂಚೆ ಓದಿ. ಯಾವ ಔಷಧ, ಯಾವ ದಾರಿಯಿಂದ ಮೈ ಸೇರಿತು, ಆಕಸ್ಮಿಕವೋ ಅಲ್ಲವೋ, ಉಸಿರು ಎಷ್ಟು ಹೊತ್ತು ಕುಗ್ಗಿತ್ತೆಂದು ಅಂದಾಜು, ಇಷ್ಟೂ ಅದರಲ್ಲಿ ಇರಲಿ. ಇರದಿದ್ದರೆ ಅಲ್ಲೇ ಕೂತು ಬರೆಸಿಕೊಳ್ಳಿ. ಹೊರಗೆ ಬಂದ ಮೇಲೆ ಒಂದು ಶಬ್ದ ಸೇರಿಸುವುದೂ ಯುದ್ಧ.

ಖರ್ಚಿನ ಬಗ್ಗೆ: ಐಸಿಯು ಬಿಲ್ ದೊಡ್ಡದು, ಆದರೆ ನಮ್ಮನ್ನು ಬಗ್ಗಿಸಿದ್ದು ಅದಲ್ಲ. ಫಿಸಿಯೋಥೆರಪಿ, ಕಾಲಿನ ಸ್ಪ್ಲಿಂಟ್, ಹಗಲು ನೋಡಿಕೊಳ್ಳುವವರ ಸಂಬಳ, ಡಯಾಪರ್, ಮರು ಎಂ.ಆರ್.ಐ., ಇವೆಲ್ಲ ಪಾಲಿಸಿಯ ಹೊರಗೆ. ಅವನ ಸಂಬಳವೂ ಇಲ್ಲ, ರಜೆ ಮುಗಿದ ಮೇಲೆ ಅವನ ಹೆಂಡತಿಯದ್ದೂ ಇಲ್ಲ. ನಮ್ಮ ಪಾಲಿಸಿಯಲ್ಲಿ ಡಿಸ್ಚಾರ್ಜ್ ನಂತರದ ಖರ್ಚಿಗೆ ಗೊತ್ತಾದ ಅವಧಿ ಇತ್ತು, ನಿಮ್ಮದರಲ್ಲೂ ನೋಡಿಕೊಳ್ಳಿ. ಎರಡನೆಯ ಕುಸಿತವನ್ನು ಹೊಸ ಕಾಯಿಲೆ ಎಂದಲ್ಲ, ಮೊದಲಿನದರ ಪರಿಣಾಮ ಎಂದು ನರರೋಗ ತಜ್ಞರಿಂದ ಬರೆಸಿಕೊಂಡದ್ದರಿಂದ ನಮಗೆ ಅದರ ಒಂದು ಭಾಗವಾದರೂ ಸಿಕ್ಕಿತು.

ಸುಧಾರಣೆ ಶುರುವಾದದ್ದು ಸದ್ದಿಲ್ಲದೆ. ಒಂದು ದಿನ ಸ್ನಾನ ಮಾಡಿಸುವಾಗ "ನೀರು ಬಿಸಿ" ಅಂದ. ವಾರಗಳ ನಂತರ ಅವನಾಗಿಯೇ ಆಡಿದ ಮೊದಲ ಮಾತು. ಆಮೇಲೆ ನಡಿಗೆ ಬಂತು, ತಿಂಗಳ ಮೇಲೆ ಗುಂಡಿ ಹಾಕಿಕೊಂಡ. ಕಾಲಿನ ನರ ನಿಧಾನ. ನರ ಬೆಳೆಯುವುದೇ ದಿನಕ್ಕೆ ಸುಮಾರು 1 ಮಿಲಿಮೀಟರ್. ಸ್ಪ್ಲಿಂಟ್ ಇಲ್ಲದೆ ಮೆಟ್ಟಿಲು ಹತ್ತಲು ಬಹಳ ಕಾಲ ಹಿಡಿಯಿತು.

ದೇಹ ಸರಿಯಾದ ಮೇಲೆ ಮನಸ್ಸಿನ ಲೆಕ್ಕ ಎದ್ದಿತು. ಆ ರಾತ್ರಿಯ ನೆನಪು ಅವನಿಗೆ ಒಂದಿಷ್ಟೂ ಇಲ್ಲ, ಆದರೂ ನಿದ್ದೆಗೆ ಹೆದರುತ್ತಾನೆ. ಸಣ್ಣದಕ್ಕೆ ರೇಗುತ್ತಾನೆ. ಅವನ ಹೆಂಡತಿ ಈಗಲೂ ರಾತ್ರಿ ಎದ್ದು ಅವನ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಾಳೆ. ಆಪ್ತಸಮಾಲೋಚನೆಗೆ ಅವನನ್ನು ಕರೆದುಕೊಂಡು ಹೋದರೆ ಸಮಾಲೋಚಕರು ಮೊದಲು ಮಾತಾಡಿಸಿದ್ದು ಅವಳನ್ನು. ಒಳ್ಳೆಯದಾಯಿತು.

ಅಪ್ಪ ಇದೆಲ್ಲ ಆದ ಮೇಲೆ ಪ್ಯಾಚ್ ಬೇಡವೇ ಬೇಡ ಅಂತ ಹಟ ಹಿಡಿದರು. "ನನ್ನ ನೋವು ಅವನಿಗೆ ಹತ್ತಿತಲ್ಲ" ಅನ್ನುತ್ತಿದ್ದರು. ನೋವು ತಡೆದುಕೊಂಡು ಹಲ್ಲು ಕಚ್ಚುವುದನ್ನು ನೋಡಲಾಗುತ್ತಿರಲಿಲ್ಲ. ಉಪಶಾಮಕ ಚಿಕಿತ್ಸೆಯ ಡಾಕ್ಟರ್ ಮನೆಗೇ ಬಂದು ಮಾತಾಡಿ, ಕೆಲಕಾಲ ಮಾರ್ಫಿನ್ ಮಾತ್ರೆ ಕೊಟ್ಟು, ಆಮೇಲೆ ಮತ್ತೆ ಪ್ಯಾಚ್‌ಗೆ ತಂದರು. ಇದನ್ನು ಓದಿ ಹೆದರಿ ಯಾರೂ ರೋಗಿಯ ಪ್ಯಾಚ್ ನಿಲ್ಲಿಸಬೇಡಿ; ಹಾಗೆ ಹಠಾತ್ತಾಗಿ ನಿಲ್ಲಿಸುವುದೂ ಅಪಾಯ, ಆ ನೋವೂ ಸುಳ್ಳಲ್ಲ. ನಾವೀಗ ಪ್ಯಾಚ್ ಹಚ್ಚಿದ ದಿನ ಮತ್ತು ಗಂಟೆಯನ್ನು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುತ್ತೇವೆ. ಅಂಚು ಏಳದ ಹಾಗೆ ಡಾಕ್ಟರ್ ಹೇಳಿದ ಪಾರದರ್ಶಕ ಫಿಲ್ಮ್ ಮೇಲೆ ಹಾಕುತ್ತೇವೆ. ಬೆಳಗ್ಗೆ ಸಂಜೆ ಮುಟ್ಟಿ ನೋಡುತ್ತೇವೆ. ಅದು ಜಾಗದಲ್ಲಿ ಇಲ್ಲ ಅಂದರೆ ಹಾಸಿಗೆ ಕೊಡವುವುದಕ್ಕಿಂತ ಮುಂಚೆ ಮನೆಯಲ್ಲಿರುವ ಮನುಷ್ಯರ ಮೈ ನೋಡಬೇಕು, ಮಕ್ಕಳದ್ದು ಮೊದಲು. ಬಳಸಿದ ಪ್ಯಾಚ್‌ನಲ್ಲಿ ಕೂಡ ಜೀವ ತೆಗೆಯುವಷ್ಟು ಔಷಧ ಉಳಿದಿರುತ್ತದೆ. ಅಂಟಿನ ಬದಿ ಒಳಗಾಗುವ ಹಾಗೆ ಮಡಚಿ, ಎಲ್ಲಿಗೆ ಹಾಕಬೇಕೆಂದು ಕೊಟ್ಟವರು ಹೇಳಿದ್ದಾರೋ ಅಲ್ಲಿಗೇ ಸೇರಿಸಿ. ಪ್ಯಾಚ್ ಹಚ್ಚಿದವರಿಗೆ ಶಾಖ ಕೊಡಬೇಡಿ, ಜ್ವರ ಬಂದರೆ ಡಾಕ್ಟರಿಗೆ ತಿಳಿಸಿ.

ತಮ್ಮ ಈಗ ಅರ್ಧ ದಿನ ಕೆಲಸಕ್ಕೆ ಹೋಗುತ್ತಾನೆ. ಆಫೀಸಿನವರು ಫಿಟ್‌ನೆಸ್ ಸರ್ಟಿಫಿಕೇಟ್ ಕೇಳಿದಾಗ ಫಿಟ್ ಅಥವಾ ಅನ್‌ಫಿಟ್ ಎಂಬ ಒಂದೇ ಸಾಲಿನ ಬದಲು ನ್ಯೂರೋಸೈಕಾಲಜಿ ಪರೀಕ್ಷೆಯ ವರದಿ ಕೊಟ್ಟೆವು. ಮಾತು, ತರ್ಕ ಮೊದಲಿನಂತೆಯೇ ಇವೆ. ವೇಗ ಕಡಿಮೆ, ಒಂದೇ ಸಲ ಎರಡು ಕೆಲಸ ಆಗುವುದಿಲ್ಲ, ಬೆಳಗ್ಗೆ ಹೇಳಿದ ಹೊಸ ವಿಷಯ ಸಂಜೆಗೆ ಜಾರುತ್ತದೆ ಅಂತ ಅದರಲ್ಲಿ ವಿವರವಾಗಿತ್ತು. ಅವನಿಗೆ ಯಾವ ಕೆಲಸ ಕೊಡಬಹುದು, ಯಾವುದು ಕೊಡಬಾರದು ಅನ್ನುವುದು ಮ್ಯಾನೇಜರಿಗೆ ಗೊತ್ತಾಯಿತು. ಮೀಟಿಂಗ್‌ನಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಾನೆ. ನಿದ್ದೆ ಮಾತ್ರೆ, ಮದ್ಯ ಎರಡಕ್ಕೂ ಡಾಕ್ಟರ್ ಬೇಡ ಅಂದಿದ್ದಾರೆ. ಹಲ್ಲಿನ ಡಾಕ್ಟರ್ ಹತ್ತಿರ ಹೋದರೂ ಹಿಂದಿನದನ್ನು ಹೇಳಲೇಬೇಕು ಅಂತ ಅವನ ಪರ್ಸಿನಲ್ಲಿ ಒಂದು ಚೀಟಿ ಇಟ್ಟಿದ್ದೇವೆ. ವಾಹನ ಓಡಿಸಲು ಇನ್ನೂ ಅನುಮತಿ ಸಿಕ್ಕಿಲ್ಲ. ಮುಂದಿನ ತಿಂಗಳು ಮತ್ತೊಂದು ಎಂ.ಆರ್.ಐ. ಮತ್ತು ಗಮನಶಕ್ತಿಯ ಪರೀಕ್ಷೆ ಇದೆ, ಆಮೇಲೆ ಅದರ ತೀರ್ಮಾನ. "ಅಕ್ಕಾ, ಅಲ್ಲೀವರೆಗೂ ನೀನೇ ಡ್ರೈವರ್" ಅಂತ ಕೀಲಿಯನ್ನು ನನ್ನ ಕೈಗೇ ಕೊಟ್ಟಿದ್ದಾನೆ, ಹಿಂದಿನ ಸೀಟಿನಿಂದ ನನ್ನ ಓಡಿಸುವಿಕೆಗೆ ಹೆಸರಿಡುವುದನ್ನು ಮಾತ್ರ ಬಿಟ್ಟಿಲ್ಲ.